ಬಾಕ್ಸರ್ ಗೆಣ್ಣಿಗೆ ಪೆಟ್ಟಾದಾಗ

ಬ್ಯಾಗಿಗೆ ಹೊಡೆಯುವಾಗ ಗೆಣ್ಣು ಚುಳ್ಳೆಂದರೆ ಆ ರೌಂಡ್ ಅಲ್ಲಿಗೇ ನಿಲ್ಲಲಿ. ಬಾವು ಏರುವ ಮುಂಚೆ ಗ್ಲೌಸ್, ಹ್ಯಾಂಡ್ ರ‍್ಯಾಪ್, ಉಂಗುರ ತೆಗೆಯಿರಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಮೊದಲ ಎರಡು ದಿನ ಎರಡು–ಮೂರು ಗಂಟೆಗೊಮ್ಮೆ ಹೀಗೆ ಮಾಡಿ, ಕೈಯನ್ನು ಎದೆಗಿಂತ ಎತ್ತರದಲ್ಲಿಡಿ. ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ನೆಟಿಗೆ ತೆಗೆಯುವುದು ಬೇಡ. ಶಾಖ ಬಾವನ್ನು ಹೆಚ್ಚಿಸುತ್ತದೆ; ಒಳಗೆ ಮೂಳೆ ಮುರಿದಿದ್ದರೆ ತಿಕ್ಕುವುದು, ನೆಟಿಗೆ ತೆಗೆಯುವುದು ಅದನ್ನು ಜರುಗಿಸಬಹುದು.

ಆಮೇಲೆ ಬೆರಳುಗಳನ್ನು ನಿಧಾನವಾಗಿ ಮಡಚಿ ನೋಡಿ. ತುದಿಗಳೆಲ್ಲ ಹೆಬ್ಬೆರಳ ಬುಡದತ್ತ ವಾಲಬೇಕು. ಒಂದು ಬೆರಳು ಪಕ್ಕದ್ದರ ಮೇಲೆ ಹತ್ತಿದರೆ ಅಂಗೈ ಮೂಳೆ ಮುರಿದು ತಿರುಚಿಕೊಂಡಿದೆ ಎಂದೇ ತಿಳಿಯಿರಿ. ಬೆರಳು ನೇರವಾಗಿದ್ದಾಗ ಇದು ಕಾಣುವುದಿಲ್ಲ, ಆದರೆ ಮೂಳೆಯಲ್ಲಿ 5 ಡಿಗ್ರಿ ತಿರುಚಿದರೂ ಮುಷ್ಟಿ ಕಟ್ಟಿದಾಗ ಬೆರಳ ತುದಿ ಸುಮಾರು ಒಂದೂವರೆ ಸೆಂಟಿಮೀಟರ್ ಸರಿದಿರುತ್ತದೆ. ಅದೇ ದಿನ ಎಕ್ಸ್-ರೇ ಮಾಡಿಸಿ. ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದರೆ ನೋವಿದ್ದರೂ ಎಕ್ಸ್-ರೇ ಬೇಕು. ಅಲ್ಲಿನ ಸ್ಕ್ಯಾಫಾಯ್ಡ್ ಮೂಳೆಯ ಬಿರುಕು ಮೊದಲ ಚಿತ್ರದಲ್ಲಿ ತಪ್ಪಿಸಿಕೊಳ್ಳುವುದುಂಟು. ಕೈ ಅಲುಗದಂತೆ ಪಟ್ಟಿ (ಸ್ಪ್ಲಿಂಟ್) ಹಾಕಿಸಿ, 10–14 ದಿನಕ್ಕೆ ಮತ್ತೆ ಎಕ್ಸ್-ರೇ ತೆಗೆಸಿ.

‘ಬಾಕ್ಸರ್ ಫ್ರ್ಯಾಕ್ಚರ್’ ಎಂಬ ಹೆಸರಿದ್ದರೂ ಕಿರುಬೆರಳ ಕೆಳಗಿನ ಈ ಮುರಿತ ಹೆಚ್ಚಾಗಿ ಆಗುವುದು ಹೊಡೆಯಲು ಕಲಿಯದವರಿಗೆ. ಸರಿಯಾಗಿ ಹೊಡೆಯುವವರ ಭಾರ ಬೀಳುವುದು ತೋರುಬೆರಳು, ನಡುಬೆರಳ ಗೆಣ್ಣಿನ ಮೇಲೆ. ಕಿರುಬೆರಳ ಮೂಳೆಯ ಬುಡ ಸ್ವಲ್ಪ ಆಡುವುದರಿಂದ ಅದು ಕೊಂಚ ಬಾಗಿ ಕೂಡಿಕೊಂಡರೂ ನಡೆಯುತ್ತದೆ, ನಡುಬೆರಳಿಗೆ ಅಷ್ಟು ರಿಯಾಯಿತಿ ಇಲ್ಲ. ಪಟ್ಟಿಯಲ್ಲಿ ಗೆಣ್ಣು 70–90 ಡಿಗ್ರಿ ಮಡಚಿ, ಮುಂದಿನ ಕೀಲುಗಳು ನೇರವಾಗಿರಬೇಕು. ಗೆಣ್ಣನ್ನು ನೇರವಾಗಿಟ್ಟು ಕಟ್ಟಿದರೆ ಮೂರು–ನಾಲ್ಕು ವಾರದಲ್ಲಿ ಕೀಲಿನ ಅಕ್ಕಪಕ್ಕ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಮೊಟಕಾಗಿ ಮುಷ್ಟಿ ಕಟ್ಟುವುದೇ ಕಷ್ಟವಾಗಬಹುದು.

ಸುಲಭವಾಗಿ ಕಣ್ತಪ್ಪುವ ಪೆಟ್ಟು ‘ಬಾಕ್ಸರ್ಸ್ ನಕಲ್’. ಬೆರಳು ಚಾಚುವ ಸ್ನಾಯುರಜ್ಜನ್ನು ಗೆಣ್ಣಿನ ನೆತ್ತಿಯಲ್ಲಿ ಹಿಡಿದಿಡುವ ತೆಳು ಪಟ್ಟಿ ಹರಿಯುತ್ತದೆ, ಹೆಚ್ಚಾಗಿ ನಡುಬೆರಳಲ್ಲಿ. ಮುಷ್ಟಿ ಕಟ್ಟಿದಾಗ ರಜ್ಜು ಗೆಣ್ಣಿನಿಂದ ಪಕ್ಕದ ತಗ್ಗಿಗೆ ಜಾರುವುದು ಬೆರಳಿಗೆ ತಾಕುತ್ತದೆ. ಜಾರಿದ ಮೇಲೆ ಮಡಚಿದ ಬೆರಳನ್ನು ತಾನಾಗಿ ಚಾಚಲಾಗುವುದಿಲ್ಲ, ಇನ್ನೊಂದು ಕೈಯಿಂದ ಎತ್ತಿಕೊಟ್ಟರೆ ಮಾತ್ರ ನಿಲ್ಲುತ್ತದೆ. ಎಕ್ಸ್-ರೇಯಲ್ಲಿ ಏನೂ ಕಾಣದು. ‘ಬರೀ ಊತ’ ಎಂದು ಮನೆಗೆ ಬಂದು ಬ್ಯಾಗಿಗೆ ಮರಳುವುದೇ ಇಲ್ಲಿನ ದೊಡ್ಡ ತಪ್ಪು. ಮುಷ್ಟಿ ಬಿಗಿಸಿ ನೋಡುವ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ. ಇದಕ್ಕೆ ಹೊರಗೆ ಕಟ್ಟುವ ಸ್ಪ್ಲಿಂಟ್ ಕೂಡ ಮುರಿತಕ್ಕಿಂತ ತಿರುಗುಮುರುಗು: ಗೆಣ್ಣು ನೇರ, ಮುಂದಿನ ಕೀಲುಗಳು ಸಡಿಲ, ಸುಮಾರು ಆರು ವಾರ. ಪೆಟ್ಟಾಗಿ ಮೂರು ವಾರದೊಳಗೆ ಶುರುವಾದರೆ ಫಲ ಚೆನ್ನ. ರಜ್ಜು ಪೂರ್ತಿ ಜಾರುತ್ತಿದ್ದರೆ ಹೊಡೆದೇ ಬದುಕುವವರಿಗೆ ಹೊಲಿಗೆಯ ಆಪರೇಷನ್ನೇ ಬೇಕಾಗುವುದು ಹೆಚ್ಚು. ಆಮೇಲೆ ಪಂಚ್‌ಗೆ ತಿಂಗಳುಗಳೇ ಕಾಯಬೇಕು. ಪಂದ್ಯಕ್ಕೆ ಮುನ್ನ ಸ್ಟಿರಾಯ್ಡ್ ಚುಚ್ಚಿಸಿ ನೋವು ಮುಚ್ಚುವುದು ಬೇಡ, ಒಳಗೆ ಮೊದಲೇ ಹರಿದ ತೆಳು ಪಟ್ಟಿ ಇನ್ನಷ್ಟು ಸೊರಗುತ್ತದೆ.

ಎದುರಾಳಿಯ ಹಲ್ಲು ತಾಗಿ ಗೆಣ್ಣು ಸೀಳಿದರೆ ಗಾಯ ಎಷ್ಟೇ ಚಿಕ್ಕದಿರಲಿ, ಹರಿಯುವ ನೀರಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮುಷ್ಟಿ ಬಿಚ್ಚಿದಾಗ ಬಾಯಿಯ ಕ್ರಿಮಿಗಳು ರಜ್ಜಿನ ಜೊತೆ ಒಳಗೆ ಸರಿದು ಕೀಲನ್ನೇ ಕೊಳೆಸಬಹುದು. ಆಂಟಿಬಯಾಟಿಕ್ ಬೇಕು, ಧನುರ್ವಾಯು (ಟೆಟನಸ್) ಚುಚ್ಚುಮದ್ದೂ ಬೇಕಾಗಬಹುದು. ಗಾಯ ಹೊಲಿದು ಮುಚ್ಚಿಸಬೇಡಿ.

ಮರಳುವಾಗ ಒತ್ತಿದರೆ ನೋವಿರಬಾರದು, ಮುಷ್ಟಿ ಪೂರ್ತಿ ಕಟ್ಟಬೇಕು, ಹಿಡಿತ ಇನ್ನೊಂದು ಕೈಯ ಸಮಕ್ಕೆ ಬಂದಿರಬೇಕು. ಮೊದಲು ಗಾಳಿಗೆ ಹೊಡೆಯುವ ಶ್ಯಾಡೋ, ಆಮೇಲೆ ನೀರು ತುಂಬಿದ ಬ್ಯಾಗಿಗೆ ಅರ್ಧ ಬಲ, ನಂತರ ಹೆವಿ ಬ್ಯಾಗ್, ಕೊನೆಗೆ ಜೊತೆಗಾರನೊಡನೆ ಸ್ಪಾರಿಂಗ್. ಮರುದಿನ ಊತ ಕಂಡರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಬ್ಯಾಗಿಗೆ 16 ಔನ್ಸ್ ಗ್ಲೌಸ್, 4.5 ಮೀಟರ್ ರ‍್ಯಾಪ್ ಇರಲಿ: ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು–ನಾಲ್ಕು ಪದರ. ಸುತ್ತುವಾಗ ಬೆರಳು ಅಗಲಿಸಿರಿ. ಕೂಡಿಸಿ ಸುತ್ತಿದರೆ ಮುಷ್ಟಿ ಬಿಗಿದಾಗ ಕೈ ಜೋಮು ಹಿಡಿಯುತ್ತದೆ; ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಬಿಚ್ಚಿ ಮತ್ತೆ ಸುತ್ತಿ.