ಡೆವಲಪರ್ ಖಾತೆ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಆ್ಯಪ್ ತಿರಸ್ಕೃತವಾದರೆ ತಿದ್ದಿ ಮತ್ತೆ ಕಳಿಸಬಹುದು. ಆ್ಯಪ್‌ಗಳನ್ನು ಸ್ಟೋರ್‌ಗೆ ಹಾಕಲು ತೆರೆದ ಡೆವಲಪರ್ ಖಾತೆಯೇ ರದ್ದಾದರೆ ಅದರಡಿ ಇರುವ ಎಲ್ಲ ಆ್ಯಪ್‌ಗಳೂ ಒಟ್ಟಿಗೆ ಸ್ಟೋರ್‌ನಿಂದ ಹೋಗುತ್ತವೆ. ಮೋಸ ಮಾಡಲು ಹೊರಟವರ ಖಾತೆಗಳಷ್ಟೇ ಹೀಗೆ ಹೋಗುತ್ತವೆ ಎಂದುಕೊಳ್ಳಬೇಡಿ. ಮೇಲ್ ಓದದವರು, ಹಳೆಯ ಆ್ಯಪ್ ಮರೆತವರು, ಪಾಸ್‌ವರ್ಡ್ ಹಂಚಿಕೊಂಡವರೂ ಈ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ತೆರೆಯುವಾಗಲೇ ಸರಿಯಾಗಿ ತೆರೆಯಿರಿ

ಗೂಗಲ್ ಪ್ಲೇಯಲ್ಲಿ ನೋಂದಣಿಗೆ ಒಂದೇ ಸಲ 25 ಡಾಲರ್ ಕಟ್ಟಬೇಕು. ಆ್ಯಪಲ್‌ನ ಸಾಮಾನ್ಯ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ಗುರುತಿನ ಚೀಟಿಯಲ್ಲಿ ಹೆಸರು, ವಿಳಾಸ ಹೇಗಿದೆಯೋ ಹಾಗೆಯೇ ತುಂಬಿ. ಪರಿಶೀಲನೆಯ ವೇಳೆ ಒಂದಕ್ಕೊಂದು ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ಸಂಸ್ಥೆಯ ಹೆಸರಲ್ಲಿ ತೆರೆಯುವವರಿಗೆ ಡಿ-ಯು-ಎನ್-ಎಸ್ ಸಂಖ್ಯೆ (ಸಂಸ್ಥೆಗಳನ್ನು ಗುರುತಿಸಲು ಕೊಡುವ ಸಂಖ್ಯೆ) ಬೇಕಾಗುತ್ತದೆ, ಅದನ್ನು ಮೊದಲೇ ಪಡೆದಿಟ್ಟುಕೊಳ್ಳಿ.

2023ರ ನವೆಂಬರ್ 13ರ ನಂತರ ತೆರೆದ ಗೂಗಲ್ ವೈಯಕ್ತಿಕ ಖಾತೆಗೆ ಇನ್ನೊಂದು ಷರತ್ತಿದೆ. ಆ್ಯಪ್ ಎಲ್ಲರಿಗೂ ಬಿಡುಗಡೆಯಾಗುವ ಮುನ್ನ ಕನಿಷ್ಠ 12 ಜನ ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ, ಅಂದರೆ ಆಯ್ದ ಕೆಲವರಿಗಷ್ಟೇ ಆ್ಯಪ್ ಕೊಟ್ಟು ನಡೆಸುವ ಪರೀಕ್ಷೆಯಲ್ಲಿ ಇರಬೇಕು. ದುಡ್ಡು ಕೊಟ್ಟು ಟೆಸ್ಟರ್‌ಗಳನ್ನು ಹೊಂದಿಸುವುದು ಬೇಡ. ಅವರು ಆ್ಯಪ್ ಹೇಗೆ ಬಳಸಿದರು, ನೀವು ಏನು ತಿದ್ದಿದಿರಿ ಎಂದು ಆಮೇಲೆ ಗೂಗಲ್ ಕೇಳುತ್ತದೆ, ಆಗ ಹೇಳಲು ಏನಾದರೂ ಇರಬೇಕಲ್ಲ!

ಮೇಲ್ ಯಾರಿಗೆ ಬರುತ್ತದೆ?

ಎಚ್ಚರಿಕೆ, ಗಡುವು ಎಲ್ಲವೂ ಬರುವುದು ಮೇಲ್‌ನಲ್ಲೇ. ನಾಳೆ ಕೆಲಸ ಬಿಟ್ಟು ಹೋಗಬಹುದಾದವರ ವಿಳಾಸವನ್ನು ಖಾತೆಗೆ ಕೊಡಬೇಡಿ. ಸ್ಪ್ಯಾಮ್ ಫೋಲ್ಡರ್ ಮೇಲೂ ಕಣ್ಣಿರಲಿ. ಆ್ಯಪಲ್ ಆಗಾಗ ಒಪ್ಪಂದ ಬದಲಿಸುತ್ತದೆ. ಅದಕ್ಕೆ ಒಪ್ಪಿಗೆ ಕೊಡಬೇಕಾದವರು ಖಾತೆಯ ಮಾಲೀಕರೇ. ಸದಸ್ಯತ್ವ ನವೀಕರಿಸದಿದ್ದರೆ ಆ್ಯಪ್ ಸ್ಟೋರ್‌ನಲ್ಲಿ ಸಿಗುವುದಿಲ್ಲ, ಈಗಾಗಲೇ ಹಾಕಿಕೊಂಡವರ ಫೋನಿನಲ್ಲಿ ಮಾತ್ರ ಓಡುತ್ತಿರುತ್ತದೆ. ಆದ್ದರಿಂದ ಏನೋ ತಪ್ಪಾಗಿದೆ ಎಂಬುದು ತಡವಾಗಿಯೇ ಗೊತ್ತಾಗುತ್ತದೆ.

ಕೀಲಿಕೈ ಯಾರ ಬಳಿ?

ಒಂದೇ ಲಾಗಿನ್ ಅನ್ನು ನಾಲ್ಕು ಜನ ಬಳಸುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಎರಡೂ ಕಡೆ ಬೇರೆ ಬೇರೆ ಬಳಕೆದಾರರನ್ನು ಸೇರಿಸಿ, ಬೇಕಾದಷ್ಟೇ ಅಧಿಕಾರ ಕೊಡುವ ಸೌಲಭ್ಯವಿದೆ. ಕೆಲಸ ಮುಗಿದ ದಿನವೇ ಅವರನ್ನು ತೆಗೆದುಬಿಡಿ. ಇದು ಬರೀ ಭದ್ರತೆಯ ಮಾತಲ್ಲ. ಹಿಂದೆ ರದ್ದಾದ ಯಾವುದೋ ಖಾತೆಗೂ ನಿಮ್ಮ ಖಾತೆಗೂ ನಂಟಿದೆ ಎಂದು ಗೂಗಲ್‌ಗೆ ಅನ್ನಿಸಿದರೆ ನಿಮ್ಮದೂ ರದ್ದಾಗಬಹುದು. ಸೈನಿಂಗ್ ಕೀ (ಆ್ಯಪ್ ನಿಮ್ಮದೇ ಎಂದು ಸಾಬೀತುಪಡಿಸುವ ಡಿಜಿಟಲ್ ಕೀಲಿ) ವಿಷಯದಲ್ಲೂ ಹುಷಾರು. ಆ ಕೀಯನ್ನು ಗೂಗಲ್ ಬಳಿಯೇ ಇಡುವ ಪ್ಲೇ ಆ್ಯಪ್ ಸೈನಿಂಗ್ ಬಳಸುವವರ ಅಪ್‌ಲೋಡ್ ಕೀ (ಆ್ಯಪ್ ಕಳಿಸುವಾಗ ಬಳಸುವ ಕೀಲಿ) ಕಳೆದರೆ ಹೊಸದಕ್ಕೆ ಕೋರಿಕೆ ಸಲ್ಲಿಸಬಹುದು. ಸೈನಿಂಗ್ ಕೀಯನ್ನು ತಾವೇ ಇಟ್ಟುಕೊಂಡಿರುವ ಹಳೆಯ ಆ್ಯಪ್‌ಗಳವರು ಅದನ್ನು ಕಳೆದುಕೊಂಡರೆ ಆ ಆ್ಯಪ್‌ಗೆ ಮುಂದೆ ಅಪ್‌ಡೇಟೇ ಇಲ್ಲ.

ಹಳೆಯ ಆ್ಯಪ್, ಹಳೆಯ ಟ್ರ್ಯಾಕ್

ಹೆಚ್ಚಿನವರು ಎಡವುವುದು ಇಲ್ಲಿ. ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿಕೊಂಡಿರಬೇಕು ಎಂಬ ಗೆರೆಯನ್ನು ಗೂಗಲ್ ಮೇಲಕ್ಕೇರಿಸುತ್ತಲೇ ಇರುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳು ಆಂಡ್ರಾಯ್ಡ್ 15, ಅಂದರೆ ಡೆವಲಪರ್‌ಗಳ ಲೆಕ್ಕದಲ್ಲಿ ಎಪಿಐ ಹಂತ 35 ಅನ್ನು ಗುರಿಯಾಗಿಟ್ಟುಕೊಂಡಿರಬೇಕೆಂಬ ನಿಯಮ ಬಂತು. ತೀರಾ ಹಿಂದುಳಿದ ಆ್ಯಪ್‌ಗಳು ಹೊಸ ಫೋನ್ ಕೊಂಡವರಿಗೆ ಸ್ಟೋರ್‌ನಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಕಣ್ಣಿಗೆ ಬೀಳದ ಗುಂಡಿ. ಹಿನ್ನೆಲೆಯಲ್ಲಿ ಲೊಕೇಶನ್ ಪಡೆಯುವ ಪರ್ಮಿಷನ್ ಬೇಡವೆಂದು ಗೂಗಲ್ ನಿಮ್ಮ ಆ್ಯಪ್ ಅನ್ನು ತಿರಸ್ಕರಿಸಿತು ಎಂದಿಟ್ಟುಕೊಳ್ಳಿ. ನೀವು ಅದನ್ನು ತೆಗೆದು ಹೊಸ ಆವೃತ್ತಿ ಕಳಿಸುತ್ತೀರಿ. ಮತ್ತೆ ಅದೇ ಕಾರಣ ಕೊಟ್ಟು ತಿರಸ್ಕಾರ! ಕೋಡ್ ಸರಿಯಾಗಿದೆ, ಮ್ಯಾನಿಫೆಸ್ಟ್ (ಪರ್ಮಿಷನ್‌ಗಳ ಪಟ್ಟಿ ಇರುವ ಫೈಲ್) ಸರಿಯಾಗಿದೆ. ಕೊನೆಗೆ ನೋಡಿದರೆ ಯಾವತ್ತೋ ಪರೀಕ್ಷೆಗೆಂದು ಹಾಕಿದ ಹಳೆಯ ಆವೃತ್ತಿ ಕ್ಲೋಸ್ಡ್ ಟೆಸ್ಟಿಂಗ್‌ನ ಟ್ರ್ಯಾಕ್‌ನಲ್ಲಿ (ಆವೃತ್ತಿ ಹಂಚುವ ಪ್ರತ್ಯೇಕ ಹಾದಿಯಲ್ಲಿ) ಇನ್ನೂ ಸಕ್ರಿಯವಾಗಿದೆ. ನಿಯಮ ಎಲ್ಲ ಟ್ರ್ಯಾಕ್‌ಗಳಿಗೂ ಅನ್ವಯಿಸುತ್ತದೆ. ಪ್ರತಿ ಟ್ರ್ಯಾಕ್‌ನಲ್ಲೂ ತಿದ್ದಿದ ಆವೃತ್ತಿ ಹಾಕಿ, ರೋಲ್‌ಔಟ್ ಅನ್ನು, ಅಂದರೆ ಅದು ತಲುಪುವ ಬಳಕೆದಾರರ ಪಾಲನ್ನು 100%ಗೆ ಏರಿಸಿ. ಅರ್ಧಕ್ಕೆ ನಿಂತ ರೋಲ್‌ಔಟ್ ಇದ್ದರೆ ಹಳೆಯದು ಬದುಕಿಯೇ ಇರುತ್ತದೆ.

ಫಾರ್ಮ್‌ನಲ್ಲಿ ಬರೆದದ್ದೂ ಆ್ಯಪ್ ಮಾಡುವುದೂ

'ನಾವು ಯಾವ ಮಾಹಿತಿಯನ್ನೂ ಸಂಗ್ರಹಿಸುವುದಿಲ್ಲ' ಎಂದು ಗೂಗಲ್‌ನ ಡೇಟಾ ಸೇಫ್ಟಿ ಫಾರ್ಮ್‌ನಲ್ಲಿ ಬರೆದು, ಆ್ಯಪ್ ಒಳಗೆ ಜಾಹೀರಾತಿನ ಎಸ್‌ಡಿಕೆ (ಬೇರೆಯವರು ಬರೆದ ಸಿದ್ಧ ಕೋಡ್) ಸೇರಿಸಿದರೆ ಆ ಹೇಳಿಕೆ ಸುಳ್ಳಾಗುವ ಸಾಧ್ಯತೆಯೇ ಹೆಚ್ಚು. ಕೋಡ್ ಬೇರೆಯವರದ್ದಾದರೂ ಹೊಣೆ ನಿಮ್ಮದೇ. ಎಸ್‌ಡಿಕೆ ಬದಲಿಸಿದಾಗಲೆಲ್ಲ ಫಾರ್ಮ್ ಮತ್ತು ಪ್ರೈವಸಿ ಪಾಲಿಸಿ ಎರಡನ್ನೂ ತೆರೆದು ನೋಡಿ. ಆ್ಯಪ್‌ನಲ್ಲಿ ಬಳಕೆದಾರರು ಖಾತೆ ತೆರೆಯುವಂತಿದ್ದರೆ ಅಳಿಸುವ ದಾರಿಯೂ ಇರಬೇಕು. ಆ್ಯಪಲ್ 2022ರ ಜೂನ್ 30ರಿಂದಲೇ ಇದನ್ನು ಕಡ್ಡಾಯ ಮಾಡಿದೆ. ಗೂಗಲ್ ಇದರ ಜೊತೆಗೆ ಖಾತೆ ಅಳಿಸಲು ಒಂದು ವೆಬ್ ಲಿಂಕನ್ನೂ ಕೇಳುತ್ತದೆ.

ಲಾಗಿನ್ ಬೇಕಾಗುವ ಆ್ಯಪ್ ಆದರೆ ಪರಿಶೀಲಕರಿಗೆಂದೇ ಚಾಲ್ತಿಯಲ್ಲಿರುವ ಡೆಮೊ ಖಾತೆ ಕೊಡಿ. ಆ್ಯಪ್‌ನ ಹೆಸರಿಗೆ 30 ಅಕ್ಷರಗಳ ಮಿತಿ ಎರಡೂ ಕಡೆ ಇದೆ. ಪ್ಲೇ ಸ್ಟೋರ್‌ನಲ್ಲಿ ಹೆಸರಿನ ಜೊತೆ 'ನಂಬರ್ 1' ಎಂದು ಸೇರಿಸುವಂತಿಲ್ಲ. ಕೊಂಡುತಂದ ರಿವ್ಯೂಗಳ ಬಗ್ಗೆ ಹೇಳುವುದೇನೂ ಇಲ್ಲ, ಬೇಡ ಅಷ್ಟೇ.

ನೋಟಿಸ್ ಬಂದಾಗ

ಗಾಬರಿಯಾಗದೆ ಮೊದಲು ಯಾವ ಬಗೆಯ ಕ್ರಮವೆಂದು ಓದಿ. ಪ್ಲೇಯಲ್ಲಿ ಅಪ್‌ಡೇಟ್ ತಿರಸ್ಕೃತವಾದರೆ ಹಿಂದಿನ ಆವೃತ್ತಿ ಸ್ಟೋರ್‌ನಲ್ಲೇ ಇರುತ್ತದೆ, ಖಾತೆಗೆ ಕಪ್ಪುಚುಕ್ಕೆ ಬೀಳುವುದಿಲ್ಲ. ಆ್ಯಪ್ ತೆಗೆದುಹಾಕಿದರೂ ತಿದ್ದಿ ಮರಳಿ ತರಬಹುದು, ಆದರೆ ಇದು ಮರುಕಳಿಸಿದರೆ ಆ್ಯಪ್ ಸಸ್ಪೆಂಡ್ ಆಗಬಹುದು. ಸಸ್ಪೆಂಡ್ ಖಾತೆಯ ಲೆಕ್ಕಕ್ಕೆ ಸೇರುತ್ತದೆ. ಅದು ಪದೇ ಪದೇ ಆದರೆ ಖಾತೆ ರದ್ದಾಗಬಹುದು.

ತಿದ್ದದೆ ಅದನ್ನೇ ಮತ್ತೆ ಕಳಿಸಬೇಡಿ. ರದ್ದಾಯಿತೆಂದು ಮನೆಯವರ ಹೆಸರಲ್ಲಿ ಹೊಸ ಖಾತೆ ತೆರೆಯಲಂತೂ ಹೋಗಬೇಡಿ, ಅದೂ ಉಳಿಯುವುದಿಲ್ಲ. ತಪ್ಪು ನಿಮ್ಮದಲ್ಲ ಎನ್ನಿಸಿದರೆ ಮೇಲ್ಮನವಿಗೆ ಎರಡೂ ಕಡೆ ಅವಕಾಶವಿದೆ. ಅದರಲ್ಲಿ ಕಷ್ಟ ಹೇಳಿಕೊಳ್ಳುವ ಬದಲು ಆ್ಯಪ್‌ನ ಪ್ಯಾಕೇಜ್ ಹೆಸರು (ಅದನ್ನು ಗುರುತಿಸುವ ವಿಶಿಷ್ಟ ಹೆಸರು), ಉಲ್ಲಂಘನೆಯೆಂದು ಅವರು ತೋರಿಸಿದ ನಿಯಮ, ಯಾವ ಆವೃತ್ತಿಯಲ್ಲಿ ಏನು ಬದಲಿಸಿದಿರಿ ಎಂಬುದನ್ನು ಬರೆಯಿರಿ. ಚಿತ್ರ, ಸಂಗೀತ, ಲೋಗೊ ಬಳಸಲು ಪಡೆದ ಅನುಮತಿ ಪತ್ರವಿದ್ದರೆ ಅದರ ಪ್ರತಿಯನ್ನೂ ಲಗತ್ತಿಸಿ.