ರೀಬಸ್ ಸರಣಿ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೀರಿ

ಇಯಾನ್ ರ‍್ಯಾಂಕಿನ್ ಬರೆದ ಇನ್‌ಸ್ಪೆಕ್ಟರ್ ಜಾನ್ ರೀಬಸ್ ಸರಣಿಯಲ್ಲಿ 1987ರಿಂದ 2024ರವರೆಗೆ 25 ಕಾದಂಬರಿಗಳು ಬಂದಿವೆ. ಕೈಗೆ ಸಿಕ್ಕಿದ್ದನ್ನು ಓದಿದರೂ ಕೊಲೆಯ ಕಥೆ ಅರ್ಥವಾಗುತ್ತದೆ, ಏಕೆಂದರೆ ಹೆಚ್ಚಿನ ಕೇಸುಗಳು ಆಯಾ ಪುಸ್ತಕದಲ್ಲೇ ಮುಗಿಯುತ್ತವೆ. ಆದರೆ ಹಾಗೆ ಓದಿದರೆ ರೀಬಸ್ ಕೈತಪ್ಪಿ ಹೋಗುತ್ತಾನೆ. ಪುಸ್ತಕದಿಂದ ಪುಸ್ತಕಕ್ಕೆ ಈತನಿಗೆ ನಿಜಕ್ಕೂ ವಯಸ್ಸಾಗುತ್ತದೆ: ನಲವತ್ತರ ಆಸುಪಾಸಿನಲ್ಲಿ ಶುರುವಾದವನು 17ನೆಯ ಪುಸ್ತಕ 'ಎಕ್ಸಿಟ್ ಮ್ಯೂಸಿಕ್'ನಲ್ಲಿ (2007) ಅರವತ್ತಕ್ಕೆ ನಿವೃತ್ತನಾಗುತ್ತಾನೆ.

ಒಂದನೆಯದರಿಂದಲೇ ಆರಂಭಿಸಬೇಕೆಂಬ ಹಟ ಬೇಡ. ಮೊದಲ ನಾಲ್ಕರಲ್ಲಿ, ಕಥೆ ನಡೆಯುವ ಸ್ಕಾಟ್ಲೆಂಡಿನ ಎಡಿನ್‌ಬರೊ ಊರೂ ತೆಳು, ರೀಬಸ್ಸೂ ತೆಳು. ಐದನೆಯದಾದ 'ದಿ ಬ್ಲ್ಯಾಕ್ ಬುಕ್' (1993) ಹಿಡಿಯಿರಿ. ಸಹೋದ್ಯೋಗಿ ಶಿವಾನ್ ಕ್ಲಾರ್ಕ್ ಮೊದಲು ಕಾಣಿಸುವುದು ಇಲ್ಲಿ, ಭೂಗತ ದೊರೆ ಕ್ಯಾಫರ್ಟಿಗೆ ಸರಿಯಾದ ಮೈಕಟ್ಟು ಬರುವುದೂ ಇಲ್ಲೇ. ಮುಂದಿನ ಮೂವತ್ತು ವರ್ಷದ ಕಥೆ ನಿಂತಿರುವುದು ಈ ಮೂವರ ಮೇಲೆ. ತಮ್ಮನಾದ ಮೈಕಲ್ ಜೊತೆ ರೀಬಸ್‌ಗಿರುವ ಮುನಿಸಿನ ಮೂಲ ಮಾತ್ರ ಪೂರ್ತಿ ಗೊತ್ತಾಗುವುದಿಲ್ಲ. ಅದಕ್ಕೆ ಆಮೇಲೆ ಮೊದಲ ಪುಸ್ತಕಕ್ಕೆ ಹೋದರಾಯಿತು. ಐದರಿಂದ ಮುಂದಕ್ಕೆ ಕ್ರಮ ತಪ್ಪಿಸಬೇಡಿ.

ಒಂದೇ ಒಂದು ಓದುತ್ತೇನೆ ಎನ್ನುವವರಿಗೆ ಎಂಟನೆಯದು, 'ಬ್ಲ್ಯಾಕ್ ಅಂಡ್ ಬ್ಲೂ' (1997). ಅಪರಾಧ ಕಾದಂಬರಿಗೆ ಕೊಡುವ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಪಡೆದ, ಸರಣಿಯನ್ನು ದೊಡ್ಡ ಮಾರಾಟದ ಸಾಲಿಗೆ ಎತ್ತಿದ ಪುಸ್ತಕ. ಅರ್ಧಕ್ಕೆ ಮುಚ್ಚಿಡುವವರು ಹೆಚ್ಚಿರುವುದೂ ಇದನ್ನೇ ಎಂದು ಕಾಣುತ್ತದೆ. ಕಾರಣ, ನಾಲ್ಕು ಎಳೆಗಳು ಒಟ್ಟಿಗೆ ಓಡುತ್ತವೆ. 1968–69ರಲ್ಲಿ ಗ್ಲಾಸ್ಗೋದಲ್ಲಿ ಮೂವರು ಹೆಂಗಸರನ್ನು ಕೊಂದು ಸಿಕ್ಕದೇ ಹೋದವನಿಗೆ ಪತ್ರಿಕೆಗಳು ಇಟ್ಟ ಹೆಸರು ಬೈಬಲ್ ಜಾನ್. ಅದು ನಿಜ ಪ್ರಕರಣ. ಅವನನ್ನು ಅನುಕರಿಸುವ ಜಾನಿ ಬೈಬಲ್ ಕಾದಂಬರಿಯ ಕಲ್ಪನೆ. ಇವೆರಡು ಹೆಸರು ಅದಲು ಬದಲಾದರೆ ಯಾರು ಯಾರನ್ನು ಹುಡುಕುತ್ತಿದ್ದಾರೆ ಎಂಬುದೇ ತಲೆಕೆಳಗಾಗುತ್ತದೆ. ಇದರ ಜೊತೆಗೆ ತೈಲ ಬಾವಿಯ ಕೆಲಸಗಾರನೊಬ್ಬನ ಸಾವು, ರೀಬಸ್ ಮೇಲೆಯೇ ನಡೆಯುವ ಪೊಲೀಸ್ ಇಲಾಖೆಯ ಒಳತನಿಖೆಗೆ ಕಾರಣವಾದ ಸ್ಪೇವನ್ ಎಂಬವನ ಹಳೆಯ ಕೇಸು. ಒಂದು ಚೀಟಿಯಲ್ಲಿ ನಾಲ್ಕು ಅಂಕಣ ಎಳೆದು, ಹೊಸ ಹೆಸರು ಬಂದಾಗೆಲ್ಲ ಅದರ ಅಂಕಣದಲ್ಲಿ ಬರೆದು ಪುಸ್ತಕದೊಳಗೇ ಇಟ್ಟುಕೊಳ್ಳಿ. ಕಥೆ ಉತ್ತರದ ಅಬರ್ಡೀನ್‌ಗೆ ಹೋಗುವ ಹೊತ್ತಿಗೆ ಚೀಟಿ ಉಪಯೋಗಕ್ಕೆ ಬರುತ್ತದೆ.

ಕೊಲೆಗಾರ ಯಾರೆಂದು ಗೊತ್ತಿದ್ದೂ ರೀಬಸ್ ಕೈಕಟ್ಟಿ ಕೂತಿರುವುದು ಲೇಖಕರ ಎಳೆದಾಟವಲ್ಲ. ಸ್ಕಾಟ್ಲೆಂಡಿನ ಕ್ರಿಮಿನಲ್ ಕಾನೂನಿನಲ್ಲಿ ಮುಖ್ಯ ಸಂಗತಿಗಳನ್ನು ಒಬ್ಬನೇ ಸಾಕ್ಷಿಯ ಮಾತಿನಿಂದ ಸಾಬೀತುಪಡಿಸಲಾಗದು, ಬೇರೆ ಮೂಲದಿಂದಲೂ ಪುಷ್ಟಿ ಬೇಕು. ಅಲ್ಲಿ ಇಂಗ್ಲೆಂಡಿನಂತೆ ಕೊರೊನರ್ (ಅಸಹಜ ಸಾವುಗಳ ವಿಚಾರಣಾಧಿಕಾರಿ) ಇಲ್ಲ. ಅನುಮಾನದ ಸಾವುಗಳ ತನಿಖೆ 'ಪ್ರಾಕ್ಯುರೇಟರ್ ಫಿಸ್ಕಲ್' ಎಂಬ ಸರ್ಕಾರಿ ವಕೀಲರ ಉಸ್ತುವಾರಿಯಲ್ಲಿ ನಡೆಯುತ್ತದೆ. ಸಂಭಾಷಣೆಯಲ್ಲಿ ಬರೀ 'ಫಿಸ್ಕಲ್' ಎಂದು ಬಂದರೆ ಇವರೇ.

'ಎಕ್ಸಿಟ್ ಮ್ಯೂಸಿಕ್' ಆದಮೇಲೆ ಒಂದು ತಿರುವಿದೆ. 2012ರಲ್ಲಿ ರೀಬಸ್ ಹಳೆಯ ಕೇಸುಗಳ ವಿಭಾಗಕ್ಕೆ ಮರಳುವ ಮೊದಲು ರ‍್ಯಾಂಕಿನ್ ಮಾಲ್ಕಂ ಫಾಕ್ಸ್ ಎಂಬ ಒಳತನಿಖೆಯ ಅಧಿಕಾರಿಯ ಮೇಲೆ ಎರಡು ಕಾದಂಬರಿ ಬರೆದರು. ಮೊದಲನೆಯದಾದ 'ದಿ ಕಂಪ್ಲೇಂಟ್ಸ್' (2009) ಇಲ್ಲಿ ಸೇರಿಸಿಕೊಳ್ಳಿ. ಇಲ್ಲದಿದ್ದರೆ 2012ರ ಪುಸ್ತಕದಲ್ಲಿ ಫಾಕ್ಸ್ ಬರೀ ಕಾಲೆಳೆಯುವ ಅಧಿಕಾರಿಯಾಗಿ ಕಾಣುತ್ತಾನೆ. 2020ರ ಪುಸ್ತಕದ ಆರಂಭದಲ್ಲಿ ಶ್ವಾಸಕೋಶದ ಕಾಯಿಲೆಯ ರೀಬಸ್, ಮೆಟ್ಟಿಲು ಹತ್ತಲಾರದೆ ಇಷ್ಟು ಕಾಲ ತಾನಿದ್ದ ಆರ್ಡನ್ ಸ್ಟ್ರೀಟಿನ ಅದೇ ಕಟ್ಟಡದ ನೆಲಮಹಡಿಗೆ ಮನೆ ಬದಲಿಸುತ್ತಾನೆ. ಮೊದಲ ಬಾರಿಗೆ ಅದನ್ನೇ ಓದುವವರಿಗೆ ಇದು ಬರೀ ಸಾಮಾನು ಸಾಗಿಸುವ ದೃಶ್ಯ.

ಕೊಳ್ಳುವಾಗ ಎರಡು ಎಚ್ಚರ. 'ವುಲ್ಫ್‌ಮ್ಯಾನ್' ಮತ್ತು 'ಟೂತ್ ಅಂಡ್ ನೈಲ್' ಒಂದೇ ಪುಸ್ತಕ, ಹೆಸರು ಬದಲಾಗಿದೆ ಅಷ್ಟೆ. ಬ್ರಿಟನ್ನಿನ 'ಫ್ಲೆಷ್‌ಮಾರ್ಕೆಟ್ ಕ್ಲೋಸ್' ಅಮೆರಿಕದಲ್ಲಿ 'ಫ್ಲೆಷ್‌ಮಾರ್ಕೆಟ್ ಆ್ಯಲಿ'. ಹಳೆ ಪುಸ್ತಕದಂಗಡಿಯಲ್ಲಿ ಎರಡೂ ಆವೃತ್ತಿ ಸಿಗಬಹುದು, ಒಂದೇ ಕಥೆಗೆ ಎರಡು ಸಲ ದುಡ್ಡು ಹೋಗುತ್ತದೆ. ಇನ್ನು 2024ರ ಪುಸ್ತಕದ ಬೆನ್ನುಪುಟವನ್ನು, 2022ರದು ಮುಗಿಯುವ ತನಕ, ತಿರುಗಿಸಿಯೂ ನೋಡಬೇಡಿ. ಹಿಂದಿನ ಕಥೆ ಎಲ್ಲಿಗೆ ಮುಟ್ಟಿತೆಂಬುದನ್ನು ಅದರ ಮೊದಲ ಸಾಲುಗಳೇ ಬಿಟ್ಟುಕೊಡುತ್ತವೆ.