ಟೂರ್ ಎಲ್ಲಿಗೆ ಅಂತ ಕೇಳೋರಿಗೆ ನಂದೊಂದು ಸಲಹೆ

ಗ್ರೂಪಿನ್ಯಾಗ ಮತ್ತ ಅದೇ ಪ್ರಶ್ನೆ ಬಂದದ, ಮೇ ರಜಾದಾಗ ಎಲ್ಲಿಗೆ ಹೋಗಬೇಕು ಅಂತ. ನನ್ನ ಕೇಳಿದ್ರ ಮ್ಯಾಪ್ ಆಮ್ಯಾಲೆ ನೋಡ್ರಿ, ಮೊದಲು ಕ್ಯಾಲೆಂಡರ್ ನೋಡ್ರಿ. ಮೇದಾಗ ಜೈಸಲ್ಮೇರಿಗೆ ಹೋಗೋದಂದ್ರ ನಮ್ಮ ರಾಯಚೂರು ಬಿಸಿಲು ಸಾಲ್ಲಿಲ್ಲ ಅಂತ ರೊಕ್ಕ ಕೊಟ್ಟು ಇನ್ನೊಂದು ಬಿಸಿಲು ಕೊಂಡಂಗ, ಅದೇನಿದ್ರೂ ನವೆಂಬರ್‌ನಿಂದ ಫೆಬ್ರವರಿ ಒಳಗ. ಮಳಿಗಾಲದಾಗ ಲಡಾಖ್ ಅಡ್ಡಿಯಿಲ್ಲ, ಹಿಮಾಲಯ ದಾಟಿ ಆಕಡೆ ಮಳಿ ಭಾಳ ಕಮ್ಮಿ, ಆದ್ರ ಲೇಹ್ ಊರೇ ಸುಮಾರು 3,500 ಮೀಟರ್ ಎತ್ತರದಾಗ ಅದ, ವಿಮಾನ ಇಳಿದ ಮ್ಯಾಲೆ ಮೈ ಆ ಎತ್ತರಕ್ಕ ಒಗ್ಗಲಿ ಅಂತ ಎರಡು ದಿನ ಓಡಾಡದೆ ಸುಮ್ನ ಮಲ್ಕೋರಿ. ಚೆನ್ನೈ ಕಡೆ ಹಿಂಗಾರು ಮಳಿ ಅಕ್ಟೋಬರಿಂದ ಡಿಸೆಂಬರ್ ತನಕ, ದೀಪಾವಳಿ ರಜಾಕ್ಕ ಬುಕ್ ಮಾಡೋರು ಇದನ್ನೇ ಮರೀತಾರ.

ಆಮ್ಯಾಲೆ ಮನ್ಯಾಗ ವಯಸ್ಸಾದವ್ರು ಇದ್ರ ಟ್ರೈನ್ ಬದಲಿ ಮಾಡದಂಗ ಹೋಗೋ ಊರು ಹುಡುಕ್ರಿ. ರಾಯಚೂರಿಂದ ದಿಲ್ಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಅದ. ಕೊಪ್ಪಳ, ಬಳ್ಳಾರಿಯವ್ರು ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದ್ರ ಸೀದಾ ಭುವನೇಶ್ವರ, ಅಲ್ಲಿಂದ ಪುರಿ 60 ಕಿಲೋಮೀಟರ್ ಅಷ್ಟ, ಆದ್ರ ಆ ಗಾಡಿ ದಿನಾ ಇಲ್ರಿ, ವಾರ ನೋಡ್ಕೊಂಡು ರಜಾ ಹಾಕ್ರಿ. ಟಿಕೆಟ್ ಈಗ 60 ದಿನ ಮೊದ್ಲಷ್ಟ ಓಪನ್ ಆಗ್ತದ, ಮುಂಚೆ 120 ಇತ್ತು.

ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕ ಹೋಗೋರು ಇನ್ನರ್ ಲೈನ್ ಪರ್ಮಿಟ್ (ಆ ರಾಜ್ಯದೊಳಗ ಹೋಗಾಕ ಬೇಕಾದ ಸರ್ಕಾರಿ ಅನುಮತಿ ಪತ್ರ) ತಗೋಬೇಕು, ಮೇಘಾಲಯಕ್ಕ ಬ್ಯಾಡ. ಮತ್ತ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಹೋಗ್ರಿ, ನಮ್ಮವ್ವ ಪುರಿಯಾಗ ನಾಕು ದಿನ ಅದರ ಮ್ಯಾಲೇ ಕಳದಾಳ.